ಎರಡು ಗೀರು, ಒಂದು ಸುಳ್ಳು

ಬೆಳಕಿಗೆ ಬೆಳಕು ಕೂಡಿಸಿದ್ರ ಕೆಲವು ಕಡೆ ಕತ್ತಲಿ ಆಗತೈತಿ ಅಂತ ಹುಡುಗ್ರಿಗೆ ನಂಬಸೋದು ನನ್ನ ನೌಕರಿ. ಇಂಥಾ ನೌಕರಿ ಮಾಡಾಂವನ್ನ ಫಜೀತಿ ತಾವ ಹುಡುಕ್ಕೊಂಡ ಬರ್ತಾವು. ನಾಲ್ಕು ಊರಿಗೆ ವರ್ಗ ಆತು, ನಾಲ್ಕೂ ಊರಿಗೆ ನನ್ನ ಹಿಂದ ಬಂದವು.

೧. ಮುಂಡರಗಿ: ಬಾಯಿ ಜಾರಿದ್ದು

ಗದಗ ಹೊಸ ಜಿಲ್ಲಾ ಆದ ಹೊಸದು. ಪಿಯು ಕಾಲೇಜಿನಾಗ ಭೌತಶಾಸ್ತ್ರ ಹೇಳತಿದ್ದೆ. ಮಧ್ಯಾಹ್ನದ ಹೊತ್ತು, ಗುಡ್ಡದ ಕಡಿಂದ ತಂಪ ಗಾಳಿ, ಹುಡುಗ್ರಿಗೂ ಮಂಪರು, ನನಗೂ ಮಂಪರು.

"ಕೆರ್ಯಾಗ ಎರಡು ಕಲ್ಲ ಒಗದ್ರ ಎರಡು ಕಡೆ ತೆರಿ ಏಳ್ತಾವು. ಏರಿಗೆ ಏರು ಕೂಡಿದಲ್ಲಿ ನೀರು ಇನ್ನಷ್ಟು ಏರತೈತಿ. ಏರಿಗೆ ಇಳುವು ಕೂಡಿದಲ್ಲಿ ಸಪಾಟ. ಬೆಳಕೂ ಹಂಗ. ಎರಡು ಸಣ್ಣ ಸೀಳಿನಾಗಿಂದ ಹಾಯಿಸಿದ್ರ ಗ್ವಾಡಿ ಮ್ಯಾಲ ಒಂದು ಬೆಳಕಿನ ಪಟ್ಟಿ, ಒಂದು ಕತ್ತಲಿ ಪಟ್ಟಿ, ಮತ್ತ ಬೆಳಕು, ಮತ್ತ ಕತ್ತಲಿ..."

ಒಬ್ಬಾಕಿ ಎದ್ದು ನಿಂತ್ಲು. "ಸರ, ನೀವು ಕಣ್ಣಾರೆ ನೋಡೀರೇನ್ರಿ?"

ನಾ ನೋಡಿದ್ದಿಲ್ಲ. ನಾ ಕಲಿಯೋ ಮುಂದ ಆ ಪ್ರಯೋಗದ ದಿನಾನ ದೀಪ ಸುಟ್ಟಿತ್ತು. ಆದ್ರ ಬಾಯಿ ನನ್ನ ಮಾತ ಕೇಳಬೇಕಲ್ಲ? "ನೋಡೀನಲ್ಲ!" ಅಂದಬಿಡ್ತು.

ಅವತ್ತಿಂದ ಆ ಸುಳ್ಳು ಗಂಟಲಾಗ ಮುಳ್ಳಾತು. ಮುಂದ ಯಾವ ಊರಿಗೆ ಹೋದ್ರೂ ಹುಡುಗ್ರು ಅದನ್ನ ಕೇಳೋರು, ಬಾಯಿ ಮತ್ತ "ನೋಡೀನಲ್ಲ" ಅನ್ನೋದು. ರಿಟೈರ್ ಆಗೋದ್ರೊಳಗ ಒಮ್ಮೆ ಖರೆ ನೋಡಿ, ಹುಡುಗ್ರಿಗೂ ತೋರಿಸಿ, ತಪ್ಪ ಒಪ್ಪಗೊಬೇಕು ಅಂತ ಮನಸ್ಸಿನಾಗ ಹಟ ಹಿಡದೆ. ದೀಪ ಬೇಕಂತ ಹಳೇ ಜಿಲ್ಲಾದ ಕಚೇರಿಗೆ ಬರದ್ರ "ಹೊಸ ಜಿಲ್ಲಾದಾಗ ಕೇಳ್ರಿ" ಅಂದ್ರು. ಹೊಸ ಜಿಲ್ಲಾದಾಗ ಕೇಳಿದ್ರ, "ದೀಪ ದೂರ ಉಳೀತು ಮಾಸ್ತರ, ನಮಗ ಕುರ್ಚಿನ ಬಂದಿಲ್ಲ, ನಿಂತ ಸಹಿ ಮಾಡಾಕತ್ತೀವಿ" ಅಂದ್ರು.

೨. ಲಕ್ಷ್ಮೇಶ್ವರ: ಸಂಧಿ

ಅಲ್ಲಿ ಬೋರ್ಡಿನ ಮ್ಯಾಲ "ನಾಳೆ ವ್ಯತಿಕರಣ" ಅಂತ ಬರದಿದ್ದೆ. ಎರಡು ತೆರಿ ಒಂದಕ್ಕೊಂದು ಕೂಡೋದಕ್ಕ ಪುಸ್ತಕದಾಗ ಇರೋ ಹೆಸರು ಅದು. ಕನ್ನಡ ಮಾಸ್ತರು ಚಷ್ಮಾ ಇಲ್ಲದ ಓದಿ, ಮುಖ ಕೆಂಪಗ ಮಾಡ್ಕೊಂಡ ಬಂದ್ರು.

"ಏನ್ರಿ, ವ್ಯಾಕರಣ ನೀವು ತಗೊಂಡ್ರ ನಾ ಏನ ಮಾಡ್ಲಿ? ಮನಿಗೆ ಹೋಗಿ ಮಲಗಲೇನು?"

ಚಹಾ ಕುಡಿಸಿ, ಕುಂಡ್ರಿಸಿ, ತೆರಿ, ಸೀಳು, ಪಟ್ಟಿ ಎಲ್ಲಾ ಬಿಡಿಸಿ ಹೇಳಿದೆ. ಅವರು ಚಹಾ ಮುಗಿಸಿ ಕಪ್ಪ ಕೆಳಗಿಟ್ರು.

"ಅಂದ್ರ ಎರಡು ಕೂಡಿದಲ್ಲಿ ಇದ್ದದ್ದು ಮಾಯ ಆಗತೈತಿ?"

"ಹೌದ್ರಿ."

"ಲೋಪಸಂಧಿ. ಅದನ್ನ ನಾ ಎಂಟನೇತ್ತಾದಾಗ ಮುಗಸೇನಿ" ಅಂತ ಎದ್ದು ಹೋದ್ರು.

೩. ಶಿರಹಟ್ಟಿ: ಬೂದಿ

ಸರಕಾರದ ದೀಪದ ಆಸೆ ಬಿಟ್ಟು, ಮೊದಲ ಸೀಳರೆ ಮಾಡ್ಕೊಳ್ಳೋಣು ಅಂತ ಕಟಿಂಗ್ ಅಂಗಡಿಗೆ ಹೋಗಿ ಎರಡು ಹೊಸ ಬ್ಲೇಡ್ ಕೇಳಿದೆ. ಅಂಗಡಿ ಚಾಚಾ ವಿಚಾರಿಸಿದ. "ಎರಡೂ ಒಮ್ಮೆ ಹಿಡದು ಯಾರ ಗಡ್ಡ ತಗೀತೀರಿ ಸರ?"

"ಬೆಳಕಿಂದು."

ಆತ ನನ್ನ ಹಣಿ ಮುಟ್ಟಿ ನೋಡಿ, "ಜ್ವರಾ ಇಲ್ಲ" ಅಂದ.

ಮನಿಗೆ ಬಂದು ಗಾಜಿನ ತುಂಡನ್ನ ಚಿಮಣಿ ಉರಿ ಮ್ಯಾಲ ಹಿಡದು ಮಸಿ ಹಿಡಿಸಿದೆ. ಎರಡೂ ಬ್ಲೇಡ್ ಜೋಡಿಸಿ ಅದರ ಮ್ಯಾಲ ಉಸಿರ ಬಿಗಿಹಿಡದು ಎಳದೆ. ಕೂದಲಿನಷ್ಟು ಸಣ್ಣ ಎರಡು ಗೀರು. ನಾಕೈದು ಗಾಜು ಕೆಡಿಸಿದ ಮ್ಯಾಲ ಇದು ಕೂಡಿ ಬಂದಿತ್ತು. ಖುಷಿಗೆ ಅದನ್ನ ಮಾಡದಾಗಿಟ್ಟು ಊಟಕ್ಕ ಎದ್ದೆ.

ತಿರುಗಿ ಬಂದು ನೋಡಿದ್ರ ಗಾಜು ಫಳಫಳ ಅನ್ನಾಕತ್ತಿತ್ತು. ನಮ್ಮಾಕಿ ಸೆರಗಿಗೆ ಕೈ ಒರಸ್ಕೊಂತ, "ಎಂಥಾ ಹೊಲಸ ಗಾಜು ಇಟ್ಟಿದ್ರಿ! ಬೂದಿ ಹಚ್ಚಿ ತಿಕ್ಕೇನಿ. ಎರಡು ಗೀರು ಬಿದ್ದಿದ್ವು, ನಿಮ್ಮ ಪುಣ್ಯಾ, ಅವೂ ಹೋದವು" ಅಂದ್ಲು.

೪. ಬೆಟಗೇರಿ: ಪಟ್ಟಿ

ಕಡೇ ವರ್ಗ ಬೆಟಗೇರಿಗೆ. ಅಷ್ಟೊತ್ತಿಗೆ ಸಂತ್ಯಾಗ ಕೆಂಪು ಲೇಸರ್ ಬ್ಯಾಟರಿ ಬಂದಿದ್ವು. ಒಂದು ತಂದೆ. ಹೊಸ ಗಾಜು, ಹೊಸ ಮಸಿ, ಹೊಸ ಗೀರು. ಕಿಟಕಿಗೆ ಹುಡುಗ್ರು ಮನಿಂದ ತಂದ ಕಂಬಳಿ ಕಟ್ಟಿದ್ರು. ಹಾಡಹಗಲ ಕ್ಲಾಸಿನಾಗ ಕತ್ತಲಿ. ಹೊರಗ ಮಗ್ಗದ ಸಪ್ಪಳ ಕೇಳತಿತ್ತು.

ಗುಂಡಿ ಒತ್ತಿದೆ. ಗ್ವಾಡಿ ಮ್ಯಾಲ ಬೆಳಕು, ಕತ್ತಲಿ, ಬೆಳಕು, ಕತ್ತಲಿ. ಸಣ್ಣ ಸಣ್ಣ ಕೆಂಪು ಪಟ್ಟಿ ಸಾಲಾಗಿ ನಿಂತಿದ್ವು. ಒಂದು ಗೀರು ಮುಚ್ಚಿದೆ, ಬರೇ ಕೆಂಪು ಮಬ್ಬು ಉಳೀತು. ತೆರದೆ, ಕತ್ತಲಿ ಪಟ್ಟಿ ಮತ್ತ ಬಂದವು. ಬೆಳಕು ಹೆಚ್ಚ ಬಿಟ್ಟಲ್ಲೇ ಕತ್ತಲಿ! ಇಷ್ಟು ವರ್ಷ ಹೇಳಿದ್ದು ಖರೇನ ಐತಿ ಅಂತ ನನಗ ಅವತ್ತ ಗೊತ್ತಾತು. ಕಣ್ಣಾಗ ನೀರ ಬಂತು. ಕತ್ತಲ್ಯಾಗ ಯಾರಿಗೂ ಕಾಣಲಿಲ್ಲ.

"ಹುಡುಗ್ರ," ಅಂದೆ, "ನಾ ನಿಮಗ ಸುಳ್ಳ ಹೇಳೇನಿ. ಇದನ್ನ ನಾ ನೋಡಿದ್ದು ಇವತ್ತ ಮೊದಲ ಸಲ."

ನೇಕಾರರ ಮನಿ ಹುಡುಗಿ ಒಬ್ಬಾಕಿ ಮುಂದಿನ ಸಾಲಿನಾಗಿಂದ ತಣ್ಣಗ ಅಂದ್ಲು. "ಗೊತ್ತಿತ್ರಿ ಸರ."

"ಹೆಂಗ?"

"ನಮ್ಮಕ್ಕ ಮುಂಡರಗ್ಯಾಗ ನಿಮ್ಮ ಕಡೆ ಕಲತಾಳ್ರಿ. ಆಕಿಗೆ ಪಟ್ಟಿ ಹಸರು ಇದ್ವು ಅಂದೀರಿ. ಲಕ್ಷ್ಮೇಶ್ವರದ ನಮ್ಮ ಕಾಕಾನ ಮಗಗ ಹಳದಿ ಅಂದೀರಿ. ನಮಗ ನೀಲಿ ಅಂದ್ರಿ. ಮನ್ಯಾಗ ಎಲ್ಲಾರೂ ಕೂಡಿ ವಿಚಾರ ಮಾಡಿದ್ವಿ, ಸರ ಇನ್ನೂ ನೋಡಿಲ್ಲ ಅಂತ."

ನನ್ನ ಮುಖದ ನೀರಿಳೀತು. "ಮತ್ತ ಇಷ್ಟ ದಿನ ಯಾಕ ಕೇಳಲಿಲ್ಲವಾ?"

"ನೀವು ಹೇಳೋ ಮುಂದ ಭಾಳ ಚಂದ ಕಾಣತಿತ್ರಿ." ಆಕಿ ಗ್ವಾಡಿ ಮ್ಯಾಲಿನ ಪಟ್ಟಿ ಒಂದೀಟು ಹೊತ್ತು ನೋಡಿ, ದನಿ ತಗ್ಗಿಸಿದ್ಲು. "ಖರೆ ಹೇಳ್ಲೇನ್ರಿ ಸರ? ನೀಲಿನ ಛಲೋ ಇದ್ದವು."