ನಮ್ಮ ಚಾವಡಿಯಿಂದ ಕಾರ್ಕಳಕ್ಕೆ ಹೊರಟ ಬಸ್ಸು

ನಮ್ಮ ಕರಾವಳಿಯ ವಿಡಿಯೋ ಗೇಮ್ ಉದ್ಯಮ ಎಲ್ಲಿ ಹುಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಎದೆ ತಟ್ಟಿ ಹೇಳಬಲ್ಲೆ: ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ! ಎಲ್ಲಿ ಮುಳುಗಿತು ಎಂದು ಕೇಳಿದರೂ ಅದೇ ವಿಳಾಸ. ಆ ಉದ್ಯಮದ ಮಾಲೀಕರು, ಮ್ಯಾನೇಜರು, ಕೆಲಸಗಾರರು ಎಲ್ಲ ಒಬ್ಬರೇ, ನನ್ನ ಮಾವ, ಅಂದರೆ ಅಮ್ಮನ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ "ನಮ್ಮ ರೇಡಿಯೋ ರಿಪೇರಿಗೆ ಕೊಟ್ಟದ್ದು ಎಂತ ಆಯಿತು?" ಎಂದು ಕೇಳಿಕೊಂಡು ಬರುವವರು ಪೇಟೆಯಲ್ಲಿ ಇನ್ನೂ ಇದ್ದಾರೆ.

ಮಾವನಿಗೆ ಇದ್ದದ್ದು ಒಂದೇ ಕಾಯಿಲೆ. ಅವರಿಗೆ ಕುಳಿತುಕೊಳ್ಳಲು ಬರುತ್ತಿರಲಿಲ್ಲ! ಉಡುಪಿಯ ಹೋಟೆಲಿನಲ್ಲಿ ದೋಸೆಗೆ ಹೇಳುತ್ತಿದ್ದರು, ಕಾವಲಿಗೆ ಹಿಟ್ಟು ಬೀಳುವ ಮೊದಲೇ ಎದ್ದು ಪಕ್ಕದ ಹೋಟೆಲಿಗೆ ಹೋಗಿ ಬನ್ಸ್‌ಗೆ ಹೇಳುತ್ತಿದ್ದರು, ಅದೂ ಬರುವ ಮೊದಲೇ ಬಸ್ಸು ಹತ್ತಿ ಮನೆಗೆ ಬಂದು "ಅಕ್ಕ, ಗಂಜಿ ಉಂಟಾ?" ಎನ್ನುತ್ತಿದ್ದರು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತ್ತು. "ನೀರು ಗಟ್ಟಿಯಾಗುವವರೆಗೆ ಅಲ್ಲಿ ಯಾರು ಕಾಯುತ್ತಾರೆ?" ಎಂದು ಬಿಟ್ಟು ಬಂದರು. ಕೊನೆಗೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ ಇಟ್ಟರು. ಒಂದನ್ನು ಬಿಚ್ಚಿ ಅರ್ಧದಲ್ಲಿ ಎದ್ದು ಚಾ ಕುಡಿದು ಬಂದು ಇನ್ನೊಂದನ್ನು ಬಿಚ್ಚುವುದು ಅವರ ಪದ್ಧತಿ.

ಎರ್ಮಾಳಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆವು. ಹುಡುಗಿ ಒಳಗಿನಿಂದ ಅವಲಕ್ಕಿ ತರುವಷ್ಟರಲ್ಲಿ ಮಾವ ಅವರ ಮನೆಯ ರೇಡಿಯೋ ಬಿಚ್ಚಿ ಚಾಪೆಯ ತುಂಬ ಹರಡಿದ್ದರು! ಹುಡುಗಿಯನ್ನು ನೋಡಿದರೋ ಇಲ್ಲವೋ, ಅರ್ಧ ಗಂಟೆಯಲ್ಲಿ "ಹೊರಡುವನಾ?" ಎಂದು ಎದ್ದುಬಿಟ್ಟರು. ಮರುವಾರ ಹುಡುಗಿಯ ತಂದೆ ಹೇಳಿ ಕಳುಹಿಸಿದರು: "ಸಂಬಂಧ ಆಗದಿದ್ದರೆ ಬೇಡ ಮಾರಾಯ್ರೆ, ಬಂದು ರೇಡಿಯೋ ಜೋಡಿಸಿ ಕೊಟ್ಟು ಹೋಗಲಿ."

ಇಂಥ ಮನುಷ್ಯ ಹುಟ್ಟಿದ್ದು ಯಾರ ಹೊಟ್ಟೆಯಲ್ಲಿ ಎಂದುಕೊಂಡಿರಿ? ನನ್ನ ಅಜ್ಜನದ್ದು ಒಂದೇ ಉದ್ಯೋಗ, ಒಂದೇ ದಾರಿ, ಒಂದೇ ಸೀಟು. ಕಾಪುವಿನಿಂದ ಉಡುಪಿ, ಮಣಿಪಾಲ, ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸಿನ ಡ್ರೈವರ್. ನಮ್ಮ ಕಡೆಯ ಬಸ್ಸುಗಳ ಸಂಗತಿ ನಿಮಗೆ ಗೊತ್ತುಂಟಲ್ವಾ? ಸ್ಟ್ಯಾಂಡಿನಿಂದ ಒಂದು ನಿಮಿಷ ತಡವಾಗಿ ಹೊರಟರೆ ಹಿಂದಿನ ಬಸ್ಸಿನವನು ಬಂದು ಕಾಲರ್ ಹಿಡಿಯುತ್ತಾನೆ. ಅಷ್ಟು ಗಡಿಬಿಡಿಯಲ್ಲಿಯೂ ಅಜ್ಜನದ್ದು ಒಂದು ಶಿಸ್ತು. ಹಿಂದಿನಿಂದ ಕಂಡಕ್ಟರ್ "ರೈಟ್ ಪೋಯಿ!" ಎಂದು ಕೂಗಬೇಕು, ಅಂದರೆ ಎಲ್ಲರೂ ಹತ್ತಿಯಾಯಿತು, ಹೋಗುವ ಎಂದು. ಆ ಮಾತು ಕಿವಿಗೆ ಬೀಳದೆ ಅಜ್ಜ ಗಾಡಿ ಬಿಡುತ್ತಿರಲಿಲ್ಲ. ಸ್ವತಃ ಬಸ್ಸಿನ ಧಣಿಯೇ ಪಕ್ಕದಲ್ಲಿ ಕುಳಿತು ಅವಸರ ಮಾಡಿದರೂ ಇಲ್ಲ.

ಎಪ್ಪತ್ತರ ದಶಕದಲ್ಲಿ ಆ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿದವರು ಬೇರೆ ಯಾರೂ ಅಲ್ಲ, ನಮ್ಮ ಮಾವ! ಕುಳಿತುಕೊಳ್ಳಬೇಕಾಗಿಲ್ಲದ ಕೆಲಸ ನೋಡಿ, ಖುಷಿಯೋ ಖುಷಿ. ಆದರೆ ಒಂದು ದಿನ ಹಿರಿಯಡ್ಕದಲ್ಲಿ ಮಲ್ಲಿಗೆಯ ಬುಟ್ಟಿ ಹಿಡಿದ ಮುದುಕಿಯೊಬ್ಬರು ಒಂದು ಕಾಲು ಮೆಟ್ಟಿಲಿಗೆ ಇಟ್ಟಿದ್ದರು, ಇನ್ನೊಂದು ನೆಲದ ಮೇಲಿತ್ತು. ಹಿಂದಿನ ಬಸ್ಸಿನ ಹಾರ್ನ್ ಕೇಳಿ ತಡೆಯಲಾರದೆ ಮಾವ "ರೈಟ್ ಪೋಯಿ!" ಎಂದುಬಿಟ್ಟರು. ಅಜ್ಜ ಗಾಡಿ ಬಿಟ್ಟರು. ಮುದುಕಿ ಬಿದ್ದರು. ದೇವರ ದಯೆ, ಮೊಣಕಾಲು ತರಚಿತು ಅಷ್ಟೇ. ಮಲ್ಲಿಗೆ ಮಾತ್ರ ರಸ್ತೆ ತುಂಬ ಚೆಲ್ಲಿತು. ಅಜ್ಜ ಇಳಿದು ಬಂದು ಮುದುಕಿಯನ್ನು ಎತ್ತಿ ಸೀಟಿನಲ್ಲಿ ಕುಳ್ಳಿರಿಸಿದರು, ಮಗನ ಹೆಗಲಿನಿಂದ ಚರ್ಮದ ಬ್ಯಾಗು ಬಿಡಿಸಿಕೊಂಡರು, ಮಾವನನ್ನು ಅಲ್ಲಿಯೇ ನಿಲ್ಲಿಸಿ ಕಾರ್ಕಳಕ್ಕೆ ಹೋದರು.

ಆ ದಿನದಿಂದ ಅಪ್ಪ ಮಗನಿಗೆ ಮಾತಿಲ್ಲ. ಒಂದೇ ಮನೆ, ಒಂದೇ ಚಾವಡಿ, ನಡುವೆ ನಾವು. "ಅವನು ಉಂಡನಾ ಕೇಳು" ಎಂದು ಅಜ್ಜ. "ಕೇಳಿದವರು ಉಂಡರಾ ಕೇಳು" ಎಂದು ಮಾವ. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಅಜ್ಜನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಜಗಳ ಮುಗಿಸಲು ಬೇಕಾದ ಮಾತೇ ಮನೆಯಲ್ಲಿ ಇಲ್ಲದ ಹಾಗಾಯಿತು.

ನಮ್ಮ ಮನೆ ಹೈವೇಯ ಬದಿಯಲ್ಲಿ. ಚಾವಡಿಯ ಮಂಚದಲ್ಲಿ ಮಲಗಿದ ಅಜ್ಜ ಹೊರಗೆ ಬಸ್ಸಿನ ಸದ್ದು ಕೇಳಿದ ಕೂಡಲೇ ಎಡಗೈಯಿಂದ ಇಲ್ಲದ ಸ್ಟೇರಿಂಗ್ ತಿರುಗಿಸುತ್ತಿದ್ದರು. ದಿನವಿಡೀ. ನಮ್ಮದೋ, ನಿಮಿಷಕ್ಕೊಂದು ಬಸ್ಸು ಹೋಗುವ ಊರು. ಮಾವ ಅದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದರು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗುತ್ತಿದ್ದರು, ಮತ್ತೆ ಬಂದು ನೋಡುತ್ತಿದ್ದರು.

ಆಗ ಬಹರೈನಿನಿಂದ ರಜೆಯಲ್ಲಿ ಬಂದರು ನೋಡಿ ನೆರೆಮನೆಯ ಫೆಲಿಕ್ಸಣ್ಣ! ಎಂಬತ್ತರ ದಶಕದ ನಡುವಿನ ಮಾತು. ಅವರ ಪೆಟ್ಟಿಗೆಗಳ ನಡುವೆ ಒಂದು ಕಂಪ್ಯೂಟರ್. ಟೈಪ್‌ರೈಟರಿನ ಕೀಲಿಗಳನ್ನು ಮಾತ್ರ ಕಿತ್ತು ತಂದ ಹಾಗಿತ್ತು. ಅದನ್ನು ಟೀವಿಗೆ ಸಿಕ್ಕಿಸಬೇಕು, ನೆನಪಿಗೆ ಟೇಪ್ ರೆಕಾರ್ಡರ್ ಜೋಡಿಸಬೇಕು. ಬೊಂಬಾಯಿಯಲ್ಲಿರುವ ಭಾವನ ಮಗನಿಗೆಂದು ತಂದದ್ದಂತೆ. ಬರುವಾಗ ಅವರ ಮನೆಗೆ ಬೀಗ ಇದ್ದುದರಿಂದ ರಜೆ ಮುಗಿಸಿ ಹೋಗುವಾಗ ಕೊಟ್ಟು ಹೋಗುವುದಂತೆ. ಅಲ್ಲಿಯವರೆಗೆ ಇಟ್ಟುಕೊಳ್ಳುತ್ತೇನೆ ಎಂದು ಮಾವ ಅದನ್ನು ಹೊತ್ತುಕೊಂಡೇ ಬಂದರು.

"ಟೀಚರೇ," ಎಂದರು ನನಗೆ. ನಾನಾಗ ಹೊಸತಾಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಮನೆಯಲ್ಲಿಯೂ ಅದೇ ಹೆಸರು ಅಂಟಿಸಿದ್ದರು. "ನಾವು ವಿಡಿಯೋ ಗೇಮ್ ಮಾಡುವ. ಬಸ್ಸಿನ ಗೇಮ್. ಕಾಪುವಿನಿಂದ ಕಾರ್ಕಳಕ್ಕೆ. ಮಣಿಪಾಲದ ಕಾಲೇಜು ಮಕ್ಕಳು ಮುಗಿಬೀಳುತ್ತಾರೆ ನೋಡು! ಫೆಲಿಕ್ಸಣ್ಣ ಹೋಗುವುದರೊಳಗೆ ಮುಗಿಸಬೇಕು."

"ನೀವು ಯಾವುದನ್ನು ಮುಗಿಸಿದ್ದೀರಿ ಮಾವ?"

"ಅದಕ್ಕೇ ಅವಸರ."

ಉದ್ಯಮ ಶುರುವಾಯಿತು. ಇಂಗ್ಲಿಷ್ ಪುಸ್ತಕ ಓದಿ ಅರ್ಥ ಹೇಳುವುದು ನನ್ನ ಪಾಲು. ವಿದ್ಯುತ್ ಇಲಾಖೆ ಅಮ್ಮನದು. ವೋಲ್ಟೇಜ್ ಸಾಲದು ಎಂದು ಗ್ರೈಂಡರ್ ಹಾಕಬಾರದು, ಫ್ಯಾನ್ ತಿರುಗಬಾರದು, ಪಂಪು ನಡೆಯಬಾರದು. "ನಿನ್ನ ಬಸ್ಸು ಕಾರ್ಕಳ ಮುಟ್ಟುವಾಗ ನನ್ನ ರಟ್ಟೆ ಬಿದ್ದುಹೋಗುತ್ತದೆ" ಎಂದು ಗೊಣಗುತ್ತ ಅಮ್ಮ ಕಡೆಯುವ ಕಲ್ಲಿನಲ್ಲಿ ಪದಾರ್ಥಕ್ಕೆ ಮಸಾಲೆ ಅರೆದಳು. ಇಷ್ಟು ಮಾಡಿದರೂ ಕರೆಂಟು ಹೋಗುತ್ತಿತ್ತು. ಹೋದರೆ ಬರೆದದ್ದೆಲ್ಲ ಹೋಯಿತು! ಅದಕ್ಕಾಗಿ ಆಗಾಗ ಕ್ಯಾಸೆಟ್ಟಿಗೆ ತುಂಬಬೇಕು. ಅದನ್ನು ಮತ್ತೆ ಹಾಕಿದರೆ ಕೀಂ ಎಂದು ಕಿರುಚುವ ಸದ್ದಿಗೆ ನಮ್ಮ ಕೋಳಿಗಳು ಫೆಲಿಕ್ಸಣ್ಣನ ಅಂಗಳಕ್ಕೆ ವಲಸೆ ಹೋದವು. ಒಂದು ಶುಕ್ರವಾರ ಅಮ್ಮ ಭಜನೆಯ ಕ್ಯಾಸೆಟ್ ಹಾಕಿ ಕೈ ಮುಗಿದು ನಿಂತಳು. ಒಳಗಿನಿಂದ ಅದೇ ಕೀಂ!

"ದೇವರ ಭಜನೆಯ ಮೇಲೆಯೇ ಬಸ್ಸು ಬಿಟ್ಟೆಯಾ, ದರಿದ್ರದವನೇ!" ಎಂದು ಅಮ್ಮ ಸೌಟು ಹಿಡಿದು ಬಂದಳು. ಓಡಿಹೋಗುವುದರಲ್ಲಿ ಮಾವನಿಗೆ ಅಭ್ಯಾಸ ಉಂಟು, ಸಿಗಲಿಲ್ಲ.

ಆದರೆ ಒಂದು ಆಶ್ಚರ್ಯ ನಿಮಗೆ ಹೇಳಲೇಬೇಕು. ಮಾವ ಕುಳಿತರು! ಗಂಜಿ ಅಲ್ಲಿಗೇ, ಚಾ ಅಲ್ಲಿಗೇ. ಕಾಲು ಮಾತ್ರ ಮೇಜಿನಡಿಯಲ್ಲಿ ಹೊಲಿಗೆ ಮೆಷಿನ್ ತುಳಿಯುವ ಹಾಗೆ ಕುಣಿಯುತ್ತಲೇ ಇತ್ತು. ಅಷ್ಟೆಲ್ಲ ಆಗಿ ಟೀವಿಯಲ್ಲಿ ಬಸ್ಸು ಮೂಡಿತು. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಚೌಕ.

"ಇದು ಬಸ್ಸಾ? ನನಗೆ ಅಕ್ಕಿಯ ಪುಂಡಿಯ ಹಾಗೆ ಕಾಣುತ್ತದೆ" ಎಂದಳು ಅಮ್ಮ. ಅಂದಿನಿಂದ ನಮಗೆ ತಿಂಡಿಗೆ ಪುಂಡಿ ಮಾಡಿದರೆ ಮಾವ ಸಿಟ್ಟಾಗುತ್ತಿದ್ದರು.

ದಾರಿ ಮಾತ್ರ ಭಲೇ ಇತ್ತು. ಕಟಪಾಡಿ, ಉಡುಪಿ, ಇಂದ್ರಾಳಿಯ ಏರು, ಪರ್ಕಳದ ತಿರುವು, ಎಲ್ಲ ಹೆಸರಿನ ಸಮೇತ ಇದ್ದಲ್ಲಿಯೇ. ಒಂದು ಕೀಲಿ ಒತ್ತಿ ಹಿಡಿದರೆ ಬಸ್ಸು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪಕ್ಕದ ಎರಡು ಕೀಲಿ ತಿರುಗಿಸಲು. ಎಲ್ಲ ಕೀಲಿ ಎಡಬದಿಗೆ ಯಾಕೆ ಎಂದು ಕೇಳಿದೆ.

"ಬಲಗೈಯಲ್ಲಿ ಗೋಲಿಬಜೆ ತಿನ್ನುವುದು ಬೇಡವಾ? ಗಿರಾಕಿಯ ಅನುಕೂಲ ನೋಡಬೇಕು, ಟೀಚರೇ" ಎಂದರು. ಮಂಚದ ಕಡೆ ನೋಡಲಿಲ್ಲ. ಯಾವ ಗಿರಾಕಿ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಆದರೂ ವ್ಯಾಪಾರದ ಮರ್ಯಾದೆ ಉಳಿಯಬೇಕಲ್ವಾ? ಫೆಲಿಕ್ಸಣ್ಣ ಹೊರಡುವ ಹಿಂದಿನ ದಿನ ಕಂಪ್ಯೂಟರನ್ನೂ ಟೇಪ್ ರೆಕಾರ್ಡರನ್ನೂ ಬಟ್ಟೆಯ ಚೀಲದಲ್ಲಿ ಹಾಕಿ, ನನ್ನನ್ನು ಎಳೆದುಕೊಂಡು, ಮಣಿಪಾಲದ ಒಂದು ವಿಡಿಯೋ ಗೇಮ್ ಅಂಗಡಿಗೆ ಹೋದರು. ಕಾಲೇಜು ಹುಡುಗರು ಕಾಸು ಹಾಕಿ ಆಡುವ ಜಾಗ. ಅಂಗಡಿಯವನು ನಮ್ಮ ಬಸ್ಸನ್ನು ಉಡುಪಿಯವರೆಗೆ ಓಡಿಸಿ ಕೇಳಿದ:

"ಶತ್ರು ಎಲ್ಲಿ?"

"ಹಿಂದಿನ ಬಸ್ಸಿನವನಿಗಿಂತ ದೊಡ್ಡ ಶತ್ರು ಉಂಟಾ ಮಾರಾಯ?"

"ಸರಿ, ಆಡುವವನು ಸಾಯುವುದು ಯಾವಾಗ?"

"ಸಾಯುವುದಾ? ಈ ಬಸ್ಸಿನಲ್ಲಿ ಯಾರೂ ಸಾಯುವುದಿಲ್ಲ" ಎಂದು ಮಾವ ಎದ್ದು ನಿಂತರು.

"ಒಂದು ಕಾಸು ಹಾಕಿದವನು ಸಾಯದೆ ಸಂಜೆಯವರೆಗೆ ಆಡಿದರೆ ನಾನು ಸಾಯಬೇಕಾಗುತ್ತದೆ!" ಎಂದು ಅವನೂ ಎದ್ದ. ಕರಾವಳಿಯ ವಿಡಿಯೋ ಗೇಮ್ ಉದ್ಯಮದ ಮೊದಲ ಮತ್ತು ಕೊನೆಯ ವ್ಯಾಪಾರ ಮಾತುಕತೆ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಮನೆಯವರೆಗೂ ಮಾವ ಸೀಟಿನಲ್ಲಿ ಕುಳಿತೇ ಬಂದರು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಮಧ್ಯಾಹ್ನ. ಸಂಜೆಯ ಬಸ್ಸಿಗೆ ಫೆಲಿಕ್ಸಣ್ಣ ಬೊಂಬಾಯಿಗೆ ಹೊರಡುವವರು. ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಚಾವಡಿಯಲ್ಲಿ ನಿಂತಿದ್ದರು. ಮಾವ ಅಜ್ಜನನ್ನು ಎತ್ತಿ ಕುರ್ಚಿಯಲ್ಲಿ ಕುಳ್ಳಿರಿಸಿ, ಎರಡೂ ಬದಿಗೆ ದಿಂಬು ಒತ್ತಿ, ಎಡಗೈಯನ್ನು ಕೀಲಿಯ ಮೇಲೆ ಇರಿಸಿದರು. ಆಮೇಲೆ ಎಂದಿನಂತೆ ನನ್ನ ಕಡೆ ತಿರುಗಿ, "ಒತ್ತಲು ಹೇಳು, ಟೀಚರೇ" ಎಂದರು.

ಹೇಳಿದೆ. ಅಜ್ಜ ಪರದೆಯನ್ನು ನೋಡಿದರು. ಕಾಪು ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಅವರಿಗೆ ಗುರುತು ಸಿಕ್ಕಿತು ಎಂದು ಕಣ್ಣಿನಲ್ಲಿಯೇ ಕಾಣುತ್ತಿತ್ತು. ಬೆರಳು ಕೀಲಿಯ ಮೇಲೆಯೇ ಇತ್ತು. ಆದರೆ ಒತ್ತಲಿಲ್ಲ.

"ಹೀಗೆ ಅಜ್ಜ, ಹೀಗೆ ಒತ್ತಿ" ಎಂದು ನಾನು ತೋರಿಸಿದೆ. ಇಲ್ಲ. ಫೆಲಿಕ್ಸಣ್ಣ ತಪ್ಪಿ ವಾಚು ನೋಡಿ, ನೋಡಿದ್ದಕ್ಕೆ ತಾವೇ ನಾಚಿಕೊಂಡರು. ಮಾವ ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಚಾವಡಿಗೆ ತಿರುಗತೊಡಗಿದರು. ಕರೆಂಟು ಈಗ ಹೋಗುತ್ತದೋ ಮತ್ತೆ ಹೋಗುತ್ತದೋ ಎಂದು ನಾನು ಬಲ್ಬನ್ನೇ ನೋಡುತ್ತಿದ್ದೆ.

"ಸಾಕು, ಬಿಡಿ" ಎಂದರು ಮಾವ ಕೊನೆಗೆ. "ಅವರಿಗೆ ತಿಳಿಯುವುದಿಲ್ಲ. ನನಗೇ ತಲೆ ಕೆಟ್ಟದ್ದು, ಮರ್ಲು. ತೆಗೆದುಕೊಂಡು ಹೋಗಿ ಫೆಲಿಕ್ಸಣ್ಣ."

ಆಗ ಅಜ್ಜ ಎಡಗೈ ಎತ್ತಿದರು. ಮೆಲ್ಲಗೆ ಹೆಗಲಿನ ಮೇಲಿನಿಂದ ಹಿಂದಕ್ಕೆ ಬೆರಳು ತೋರಿಸಿದರು. ದಿಂಬು ಸರಿಯಿಲ್ಲವೇನೋ ಎಂದು ನಾನು ಸರಿಪಡಿಸಿದೆ. ಅಲ್ಲ ಎಂದು ತಲೆಯಾಡಿಸಿದರು. ನೀರು ಬೇಕೇನೋ ಎಂದು ಅಮ್ಮ ಬಾವಿಕಟ್ಟೆಯ ಕಡೆಗೆ ಓಡಿದಳು. ಅದೂ ಅಲ್ಲ. ಅಜ್ಜ ಹಿಂದಕ್ಕೇ ತೋರಿಸುತ್ತಿದ್ದರು, ತಿರುಗಿ ನೋಡದೆ.

ಅಂಗಳಕ್ಕೆ ಇಳಿಯುತ್ತಿದ್ದ ಮಾವ ಬಾಗಿಲಲ್ಲಿ ತಟ್ಟನೆ ನಿಂತರು. ಮನೆಯಲ್ಲಿ ಇಷ್ಟು ಜನರಲ್ಲಿ ಅವರೊಬ್ಬರಿಗೆ ಮಾತ್ರ ಅರ್ಥವಾಯಿತು. ಕಂಡಕ್ಟರ್ ಹೇಳದೆ ಅಜ್ಜ ಗಾಡಿ ಬಿಡುವುದು ಹೇಗೆ?

ಮಾವ ಬಂದು ಅಜ್ಜನ ಹಿಂದೆ ನಿಂತರು. ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ತಂಬಿಗೆ ಹಿಡಿದುಕೊಂಡು ಬಂದಳು. ಅವಳಿಗೆ ಮಂಡಿನೋವು, ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಮೆಟ್ಟಿಲ ಮೇಲೆ. ಮಾವ ಬಾಯಿ ಮುಚ್ಚಿ ಅವಳನ್ನೇ ನೋಡುತ್ತ ನಿಂತರು. ಐಸ್ ಗಟ್ಟಿಯಾಗಲು ಕಾಯದವರು, ದೋಸೆಗೆ ಕಾಯದವರು, ಆ ಇನ್ನೊಂದು ಕಾಲು ಒಳಗೆ ಬರುವವರೆಗೆ ಕಾದರು.

"ರೈಟ್... ಪೋಯಿ."

ಅಜ್ಜ ಒತ್ತಿದರು. ಬಸ್ಸು ಹೊರಟಿತು! ಅಮ್ಮ ತಂಬಿಗೆ ಹಿಡಿದೇ ನಿಂತಳು, ಫೆಲಿಕ್ಸಣ್ಣ ರಟ್ಟಿನ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ಕಟಪಾಡಿಯಲ್ಲಿ ಅಜ್ಜ ನಿಲ್ಲಿಸಿದರು, ಮಾವ ಹೇಳಿದ ಮೇಲೆ ಬಿಟ್ಟರು. ಉಡುಪಿಯಲ್ಲಿಯೂ ಹಾಗೆಯೇ. ಇಂದ್ರಾಳಿಯ ಏರಿನಲ್ಲಿ ಅಜ್ಜನ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯಿತು. ಮಣಿಪಾಲ ದಾಟಿತು, ಪರ್ಕಳ ದಾಟಿತು.

ಹಿರಿಯಡ್ಕ ಬಂತು. ಬಸ್ಸು ನಿಂತಿತು. ಮಾವ ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ, ಬರಿಯ ಬಿಸಿಲು. ಆದರೂ ನೋಡುತ್ತಲೇ ನಿಂತರು. ಅವರ ಕಾಲು ಒಮ್ಮೆಯೂ ಕುಣಿಯಲಿಲ್ಲ. ಅಜ್ಜನೂ ಅವಸರ ಮಾಡಲಿಲ್ಲ, ಕಾಯುತ್ತಿದ್ದರು. ಮಾವ ಅಜ್ಜನ ಹೆಗಲಿನ ಮೇಲೆ ಕೈಯಿಟ್ಟು ಬಗ್ಗಿ, ನನ್ನ ಕಡೆ ತಿರುಗದೆ, ಕಿವಿಯ ಹತ್ತಿರವೇ ಹೇಳಿದರು:

"ಮಲ್ಲಿಗೆಯವರು ಹತ್ತಿ ಕುಳಿತರು, ಅಪ್ಪ. ರೈಟ್ ಪೋಯಿ."

ಅಜ್ಜ ಕೀಲಿಯಿಂದ ಕೈ ತೆಗೆದು, ಹೆಗಲಿನ ಮೇಲಿದ್ದ ಮಗನ ಕೈಯನ್ನು ಒಮ್ಮೆ ತಟ್ಟಿದರು. ಆಮೇಲೆ ಬಸ್ಸು ಬಿಟ್ಟರು.