ಅಂಜೂರದ ಮರದ ಬಾಯಾರಿಕೆ

ಅತ್ತೆ: ಎಂಟುನೂರು ಲೀಟರ್? ಒಂದೇ ದಿನಕ್ಕೆ? ಅಳಿಯಂದಿರೇ, ಅದು ಮರ. ಬೆಂಕಿ ಆರಿಸೋ ಲಾರಿ ಅಲ್ಲ.

ಅಳಿಯ: ನಾನು ಹೇಳ್ತಿಲ್ಲ ಅತ್ತೆ, ಉಪಕರಣ ಹೇಳ್ತಿದೆ. ನಿಮ್ಮ ಬಾವಿ ಯಾಕೆ ಬತ್ತುತ್ತಿದೆ ಅಂತ ಈಗ ಗೊತ್ತಾಯ್ತಲ್ಲ? ಈ ಅಂಜೂರದ ಮರ ಕಡಿಸಲೇಬೇಕು.

ಅಳಿಯ ಸಸ್ಯವಿಜ್ಞಾನಿ. ಎರಡು ದಿನದ ಕೆಲಸವೆಂದು ಬಂದವನು ಹನ್ನೊಂದನೆಯ ದಿನವೂ ಮುಂದಿನ ಕೋಣೆಯಲ್ಲೇ ಠಿಕಾಣಿ ಹೂಡಿದ್ದ. ಅತ್ತೆ ಬಟ್ಟೆ ಹೊಲಿದು ಬದುಕುವವಳು. ತಗಡಿನ ಮಾಡಿನ ಮನೆಯೊಳಗೆ ಹಗಲು ಹೊತ್ತು ಕೂರುವುದು ಆಗದ ಮಾತು. ಅವಳ ಯಂತ್ರ ಇದ್ದದ್ದು ಹಿತ್ತಲಿನ ಆ ಮರದ ನೆರಳಲ್ಲೇ. ಮರ ಹೋದರೆ ಕಸುಬೂ ಹೋದಂತೆ. ಅಳಿಯ ಕರೆಸಿದ ಗರಗಸದವನು ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದ.

ಅತ್ತೆ: ಕಾಂಡಕ್ಕೆ ಎರಡು ಮುಳ್ಳು ಚುಚ್ಚಿದ ಮಾತ್ರಕ್ಕೆ ಅದು ಎಷ್ಟು ಕುಡೀತು ಅಂತ ಗೊತ್ತಾಗಿಬಿಡುತ್ತಾ?

ಅಳಿಯ: ಮುಳ್ಳಲ್ಲ, ಸೂಜಿ. ಮೇಲಿನದನ್ನ ಕರೆಂಟಿನಿಂದ ಬಿಸಿ ಮಾಡ್ತೀವಿ, ಕೆಳಗಿನದು ಹಾಗೇ ಇರುತ್ತೆ. ಬೇರಿಂದ ರಸ ಮೇಲೇರುವಾಗ ಆ ಬಿಸೀನ ಹೊತ್ಕೊಂಡು ಹೋಗುತ್ತೆ. ಮೇಲಿನ ಸೂಜಿ ಎಷ್ಟು ತಣ್ಣಗಾಗುತ್ತೋ, ಮರ ಅಷ್ಟು ಕುಡೀತಿದೆ ಅಂತ ಅರ್ಥ.

ಅತ್ತೆ: ನಲವತ್ತು ವರ್ಷ ಸೂಜಿ ಹಿಡಿದಿದೀನಿ. ಒಂದು ದಿನಾನೂ ಅದು ನನ್ನ ಹತ್ರ ಯಾರ ಮೇಲೂ ಚಾಡಿ ಹೇಳಿಲ್ಲ.

ಗರಗಸದವನು: ಅಮ್ಮಾ, ಯಂತ್ರ ಶುರು ಮಾಡ್ಲಾ?

ಅತ್ತೆ: ಸುಮ್ನಿರಪ್ಪ. ಓದಿದವರು ಮಾತಾಡ್ತಿದಾರೆ. ನಿನ್ನ ಯಂತ್ರಕ್ಕಿಂತ ಅವರ ಸದ್ದೇ ಜಾಸ್ತಿ.

ಅಳಿಯ: ನಗಬೇಡಿ. ಸೋಮವಾರದಿಂದ ಎರಡೂ ಸೂಜಿ ಸಮಸಮ ತಣ್ಣಗಿವೆ. ಹಗಲೂ ರಾತ್ರಿ! ಇಂಥ ಬಾಯಾರಿಕೆ ನಾನೆಲ್ಲೂ ಕಂಡಿಲ್ಲ. ಆಫೀಸಿಗೆ ಆಗಲೇ ಬರೆದು ಕಳಿಸಿದೀನಿ.

ಅತ್ತೆ: ಸೋಮವಾರ ಎಷ್ಟು ಹೊತ್ತಿಂದ?

ಅಳಿಯ: ಬೆಳಿಗ್ಗೆ ಹತ್ತರಿಂದ. ಯಾಕೆ?

ಅತ್ತೆ: ಹತ್ತಕ್ಕೇ ನಾನು ಇಸ್ತ್ರಿ ಪೆಟ್ಟಿಗೆ ಹಾಕಿದ್ದು.

ಅಳಿಯ: ಎತ್ತಣ ಇಸ್ತ್ರಿ, ಎತ್ತಣ ಮರ!

ಅತ್ತೆ: ಹಿತ್ತಲಲ್ಲಿ ಇರೋದೇ ಒಂದು ಪ್ಲಗ್ಗು ಅಳಿಯಂದಿರೇ. ನಿಮ್ಮ ವೈರು ಕಿತ್ತು ಪಕ್ಕಕ್ಕಿಟ್ಟೆ. ನೋಡಿ, ಅಲ್ಲೇ ಬಿದ್ದಿದೆ.

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಲೆಕ್ಕ ಬರೆದುಕೊಳ್ಳುವ ಡಬ್ಬಿ ಬ್ಯಾಟರಿಯ ಮೇಲೆ ನಡೆಯುತ್ತಿತ್ತು; ಬಿಸಿಯೇ ಇಲ್ಲದ ಸೂಜಿಯನ್ನು ಅದು ಐದು ದಿನ ಶ್ರದ್ಧೆಯಿಂದ ಅಳೆದಿತ್ತು.

ಅತ್ತೆ: ಕಾಯಿಸದ ಸೂಜಿ ತಣ್ಣಗಿರದೆ ಜ್ವರ ಬಂದು ಮಲಗಿರುತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಳಿಯ ವೈರು ಸಿಕ್ಕಿಸಿದ. ಸೂಜಿ ಬಿಸಿಯಾಗಿ ಅಂಕಿ ನಿಲ್ಲುವವರೆಗೆ ಮೂವರೂ ಕಾದರು.

ಅಳಿಯ: ದಿನಕ್ಕೆ ಮೂವತ್ತು ಲೀಟರ್... ಆಗಬಹುದು.

ಅತ್ತೆ: ನಿಮ್ಮ ಬೆಳಗಿನ ಸ್ನಾನಕ್ಕೆ ಅದರ ಎಂಟರಷ್ಟು ಬೇಕು. ಸಂಜೇದು ಬೇರೆ. ಬಾವಿ ಇಳಿದಿದ್ದೂ ನೀವು ಬಂದ ಮೇಲೇನೇ. ಆ ಸೂಜಿ ಯಾರಿಗೆ ಚುಚ್ಚಬೇಕಿತ್ತು ಹೇಳಿ!

ಗರಗಸದವನು: ಹಂಗಾದ್ರೆ ನಾನು ಹೊರಡ್ಲಾ?

ಅತ್ತೆ: ಹೊರಡಪ್ಪ. ಮರ ಉಳೀತು, ನನ್ನ ಹೊಟ್ಟೆಪಾಡೂ ಉಳೀತು.

ಅತ್ತೆಗೆ ಹೋದ ಜೀವ ಬಂದಂತಾಯಿತು. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅಳಿಯನಿಗೂ ಇದ್ದಕ್ಕಿದ್ದಂತೆ ಹುರುಪು ಬಂತು.

ಅಳಿಯ: ಅತ್ತೆ, ಈ ಮರಾನ ಯಾವ ಕಾರಣಕ್ಕೂ ಕಡಿಸಬಾರದು! ತಪ್ಪು ಅಳತೆ, ಸರಿ ಅಳತೆ ಎರಡೂ ಒಂದೇ ಮರದಲ್ಲಿ! ಇದನ್ನ ಪೂರ್ತಿ ಒಂದು ವರ್ಷ ಅಳೀಬೇಕು. ನಾನು ಇಲ್ಲೇ ಇರ್ತೀನಿ.

ಅತ್ತೆ: ಇಲ್ಲೇ ಅಂದ್ರೆ?

ಅಳಿಯ: ನಿಮ್ಮ ಮನೇಲೇ. ಮರ ಇರೋ ತನಕ ನಾನೂ ಇರ್ತೀನಿ ಅನ್ಕೊಳ್ಳಿ.

ಅತ್ತೆ ಮರವನ್ನೊಮ್ಮೆ ನೋಡಿದಳು, ಅಳಿಯನನ್ನೊಮ್ಮೆ ನೋಡಿದಳು. ಆಮೇಲೆ ಗೇಟಿನ ಕಡೆ ಓಡಿದಳು.

ಅತ್ತೆ: ಏಯ್, ನಿಲ್ಲಪ್ಪ! ಹೊಲಿಗೆ ನಾನು ಬೀದೀಲಿ ಕೂತಾದ್ರೂ ಹೊಲೀತೀನಿ. ಬಾ, ಮರ ಕಡಿ!