ಮಾವನ ಟ್ರ್ಯಾಕ್ಟರನ್ನು ನಾನು ಎಬ್ಬಿಸಿದ್ದು

ತಿ. ನರಸೀಪುರದ ಹೈಸ್ಕೂಲಿನಲ್ಲಿ ಎಂಟು ವರ್ಷದಿಂದ ಸನ್ನೆಕೋಲು, ರಾಟೆ, ಘರ್ಷಣೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ ವಿಜ್ಞಾನದ ಮೇಷ್ಟ್ರು ನಾನು. ಅಂಥವನಿಗೆ ಒಂದು ಟ್ರ್ಯಾಕ್ಟರ್ ಯಾವ ಲೆಕ್ಕ? ಎಪ್ಪತ್ತರ ದಶಕದ ಕೊನೆಯ ಆ ಮುಂಗಾರಿನವರೆಗೂ ಈ ವಿಷಯದಲ್ಲಿ ನನಗೆ ಲವಲೇಶವೂ ಸಂದೇಹವಿರಲಿಲ್ಲ.

ದೇವನೂರಿನ ನನ್ನ ಮಾವ ಚಿಕ್ಕೇಗೌಡರ ಕೊಟ್ಟಿಗೆಯ ಪಕ್ಕ, ಹೆಂಚಿನ ಮಾಡಿನ ಕೆಳಗೆ ಒಂದು ಹಳೆಯ ಟ್ರ್ಯಾಕ್ಟರ್ ಮೂರು ವರ್ಷದಿಂದ ನಿಂತೇ ಇತ್ತು. ಬ್ಯಾಟರಿ ಸತ್ತಿತೆಂದು ನಿಲ್ಲಿಸಿದ್ದು, ಎತ್ತುಗಳಿವೆಯಲ್ಲ ಎಂದು ಹಾಗೇ ಬಿಟ್ಟಿದ್ದು. ಈಗ ಇಂಜಿನ್ನೇ ಜಾಮ್ ಆಗಿ, ಹ್ಯಾಂಡಲ್ ಹಾಕಿ ತಿರುಗಿಸಿದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

ನಾಟಿಯ ಹೊತ್ತಿಗೆ ಸರಿಯಾಗಿ ಬನ್ನೂರಿನ ನನ್ನ ಷಡ್ಡಕನ ಎತ್ತೊಂದು ಕುಂಟತೊಡಗಿತು. ಅವನು ಬಂದು ಮಾವನ ಜೋಡೆತ್ತು ಕೇಳಿದ. ಮಾವ ತಲೆ ಕೆರೆದುಕೊಂಡರು. ನಾಲೆಗೆ ನೀರು ಬಿಟ್ಟಾಗಿತ್ತು. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಭತ್ತದ ಪೈರು ಎದ್ದು ನಿಂತಿತ್ತು. ಹತ್ತು ಹನ್ನೆರಡು ದಿನದೊಳಗೆ ಗದ್ದೆ ಉತ್ತು, ಕೆಸರು ಮಾಡಿ ನಾಟಿ ಹಾಕದಿದ್ದರೆ ಪೈರು ಬಲಿತುಹೋಗಿ ಆ ವರ್ಷದ ಅನ್ನಕ್ಕೇ ಸಂಚಕಾರ. ಆದರೆ ಷಡ್ಡಕನ ಎದುರು ದೊಡ್ಡಳಿಯತನ ಮೆರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೆ?

"ಕೊಟ್ಟು ಕಳಿಸಿ ಮಾವ! ಟ್ರ್ಯಾಕ್ಟರ್ ನಾನು ಎಬ್ಬಿಸ್ತೀನಿ!"

"ರೀ, ಸ್ಟೌಗೆ ಬತ್ತಿ ಆಕಕ್ಕೆ ಮೂರು ದಿನ ತಗಂಡೋರು ನೀವು" ಎಂದು ನನ್ನ ಹೆಂಡತಿ ಸರೋಜ ಕಿವಿಯಲ್ಲಿ ಉಸುರಿದಳು.

"ಅದು ಬತ್ತಿ. ಇದು ಭೌತಶಾಸ್ತ್ರ" ಎಂದೆ.

ಎತ್ತುಗಳು ಬನ್ನೂರಿನ ದಾರಿ ಹಿಡಿದವು. ನಾನು ಹತ್ತು ದಿನದ ರಜೆ ಹಾಕಿ ದೇವನೂರಿನಲ್ಲಿ ಠಿಕಾಣಿ ಹೂಡಿದೆ.

ತುಕ್ಕು ಹಿಡಿದ ಪಿಸ್ಟನ್ನಿಗೆ ಮೊದಲು ಎಣ್ಣೆ ಕುಡಿಸಬೇಕು. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಆ ತೂತುಗಳೊಳಗೆ ಸೀಮೆಎಣ್ಣೆ ಸುರಿದೆ. ಇನ್ನಷ್ಟು ಜಾರಲಿ ಎಂದು ಅತ್ತೆಯ ಹರಳೆಣ್ಣೆಯನ್ನೂ ಧಾರಾಳವಾಗಿ ಬೆರೆಸಿದೆ. ಸಂಜೆ ಅತ್ತೆ ಲಾಟೀನು ಹಚ್ಚಲು ಹೋದರೆ ಡಬ್ಬ ಖಾಲಿ!

"ಇದೇನವ್ವಾ ಸರೋಜಿ, ಸೊಸೈಟೀಲಿ ಕ್ಯೂ ನಿಂತು ತಂದಿದ್ದ ತಿಂಗ್ಳು ಸೀಮೆಣ್ಣೆ ಎಲ್ಲೋಯ್ತು?"

"ನಿನ್ನ ಅಳಿಯನ ಟ್ಯಾಕ್ಟ್ರು ಕುಡೀತು ಕಣವ್ವಾ."

ಆ ವಾರವೆಲ್ಲ ಮನೆಮಂದಿ ಹೊತ್ತು ಮುಳುಗುವ ಮೊದಲೇ ಉಂಡು ಮಲಗಿದರು.

ಎರಡು ದಿನ ನೆನೆಸಿದ ಮೇಲೆ ಸನ್ನೆಕೋಲಿನ ಸರದಿ. ಹ್ಯಾಂಡಲಿನ ಹಿಡಿಗೆ ಆರಡಿಯ ಕಬ್ಬಿಣದ ಪೈಪು ಸೇರಿಸಿದೆ. ಕೋಲು ಉದ್ದವಾದಷ್ಟೂ ಕಡಿಮೆ ಬಲ ಸಾಕೆಂದು ಮಾವನಿಗೆ ಸೋದಾಹರಣವಾಗಿ ವಿವರಿಸಿ, ಪೈಪಿನ ತುದಿಗೆ ಜೋತುಬಿದ್ದೆ. ಸಿದ್ಧಾಂತ ಸರಿಯಾಗಿಯೇ ಇತ್ತು. ಹ್ಯಾಂಡಲ್ ಬಾಗಿತು. ಪೈಪು ಜಾರಿತು. ನಾನು ತಿಪ್ಪೆಯಲ್ಲಿ ಕೂತೆ!

"ಪಾಠ ಮುಗೀತಾ ಮೇಷ್ಟ್ರೇ?" ಎನ್ನುತ್ತಾ ಮಾವ ಕೈಕೊಟ್ಟು ಎತ್ತಿದರು.

ಮುಗಿದಿರಲಿಲ್ಲ. ಗೇರಿಗೆ ಹಾಕಿ ಎಳೆದರೆ ಚಕ್ರ ತಿರುಗಿ, ಚಕ್ರದ ಜೊತೆಗೆ ಇಂಜಿನ್ನೂ ತಿರುಗಲೇಬೇಕು. ಎಳೆಯಲು ಎತ್ತಿಲ್ಲದ್ದರಿಂದ ಊರಿನ ಹನ್ನೆರಡು ಜನ ಗಂಡಸರು ಹಗ್ಗ ಹಿಡಿದರು. ನಾನು ಸೀಟಿನ ಮೇಲೆ ವಿರಾಜಮಾನನಾದೆ. ಅವರು ದಮ್ಮು ಕಟ್ಟಿ ಎಳೆದರು. ಟ್ರ್ಯಾಕ್ಟರ್ ಹೊರಟಿತು! ಆದರೆ ಹಿಂದಿನ ಚಕ್ರಗಳು ಮಾತ್ರ ತಿರುಗಲೊಲ್ಲವು. ಮಳೆಗೆ ನೆನೆದ ಅಂಗಳವನ್ನು ಸೀಳಿಕೊಂಡು, ಅತ್ತೆಯ ಕರಿಬೇವಿನ ಗಿಡವನ್ನು ಬುಡಸಮೇತ ಕಿತ್ತು, ಹಜಾರದ ಮೆಟ್ಟಿಲಿಗೆ ಬಂದು ನಿಂತವು. ಹಿಂದೆ ಮೊಣಕಾಲಾಳದ ಎರಡು ಸಾಲು ಬಿದ್ದಿದ್ದವು.

"ಗದ್ದೆ ಉಳ್ರಿ ಅಂದ್ರೆ ಅಂಗ್ಳ ಉತ್ಬುಟ್ರಲ್ಲ!" ಎಂದ ಮಾವ ನಗಲಿಲ್ಲ. "ಪೈರು ಇನ್ನೊಂದು ವಾರ ತಡೀತದೆ. ಆಮ್ಯಾಕೆ ದನಕ್ಕೆ ಮೇವು ಅಷ್ಟೆಯ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಒಂದು ಮಾತನ್ನು ನಂಬಿ ಎತ್ತು ಕಳಿಸಿದ್ದರಲ್ಲ. ಮರುದಿನ ಬೆಳಿಗ್ಗೆಯೇ ನಂಜನಗೂಡಿಗೆ ಓಡಿ, ಮೆಕ್ಯಾನಿಕ್ ಬಾಷಾನನ್ನು ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕರೆತಂದೆ.

ಬಾಷಾ ಇಂಜಿನ್ನಿನ ತಲೆ ಬಿಚ್ಚಿ ಒಳಗೆ ಇಣುಕಿದ. "ಸಾ, ಇದು ನೀರು ಓಗಿರೋ ತುಕ್ಕು. ಮೇಲೆ ಸೂರೈತೆ, ಮಳೆ ಬೀಳಲ್ಲ. ಯಾರೋ ಸೈಲೆನ್ಸರ್ ಪೈಪಿನಾಗೆ ನೀರು ಉಯ್ದವ್ರೆ." ಆಮೇಲೆ ಪೈಪನ್ನು ಬಿಚ್ಚಿ ತಲೆಕೆಳಗು ಮಾಡಿ ಕುಟ್ಟಿದ. ಒಣಗಿದ ಚೆಂಡುಹೂವಿನ ಎಸಳುಗಳು ಉದುರಿದವು. ಜೊತೆಗೆ ಒಂದು ತೆಂಗಿನಕಾಯಿ ಚೂರು!

ಮಾವ ಅತ್ತೆಯನ್ನು ನೋಡಿದರು. ಅತ್ತೆ ಸರೋಜಳನ್ನು ನೋಡಿದರು. ಸರೋಜ ನನ್ನನ್ನು ನೋಡಿದಳು.

ವಿಷಯ ಇಷ್ಟೇ. ದಸರಾ ರಜೆಗೆ ನಾವು ದೇವನೂರಿಗೆ ಹೋಗುವುದು ರೂಢಿ. ಓಡದಿದ್ದರೇನು, ಟ್ರ್ಯಾಕ್ಟರಿಗೆ ಆಯುಧಪೂಜೆ ತಪ್ಪುವಂತಿಲ್ಲ. ದೊಡ್ಡಳಿಯನೆಂಬ ಮರ್ಯಾದೆಗೆ ಪೂಜೆ ನನ್ನ ಕೈಯಿಂದಲೇ. ಆಕಾಶಕ್ಕೆ ಬಾಯಿ ತೆರೆದು ನಿಂತ ಆ ಪೈಪನ್ನು ಕಂಡು, ಇಂಜಿನ್ನಿನ ಹೊಟ್ಟೆ ತಣ್ಣಗಿರಲೆಂದು, ಹೂವು ಬಿಟ್ಟ ಚೊಂಬಿನ ನೀರನ್ನೂ ಒಡೆದ ಕಾಯಿಯ ನೀರನ್ನೂ ಅದರೊಳಗೇ ಭಕ್ತಿಯಿಂದ ಅರ್ಪಿಸುತ್ತಿದ್ದೆ. ಮೂರು ದಸರಾ. ಮೂರು ಚೊಂಬು!

"ಬ್ಯಾಟ್ರಿ ಒಂದು ಆಕಿದ್ರೆ ಆವತ್ತೇ ಓಡ್ತಿತ್ತು ಸಾ" ಎಂದ ಬಾಷಾ. "ಜಾಮ್ ಮಾಡಿರೋದು ಪೂಜೆ."

ಅವನು ಪಿಸ್ಟನ್ನಿನ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದ. ಸಂಜೆಯ ಹೊತ್ತಿಗೆ ಒಳಗೆ 'ಟಕ್' ಎಂದಿತು. ಇಂಜಿನ್ ಬಿಟ್ಟುಕೊಂಡಿತು! ನಾನು ಕುಣಿದೇಬಿಟ್ಟೆ.

"ಕುಣೀಬೇಡಿ ಸಾ. ಅಲ್ಲಾಡ್ತದೆ, ಅಷ್ಟೆ. ರಿಂಗು, ಸ್ಲೀವು ಎಲ್ಲಾ ಓಗವೆ. ಮೈಸೂರಿಂದ ತರ್ಸಿ ಕೂರ್ಸಕ್ಕೆ ಒಂದು ತಿಂಗ್ಳು."

ಮರುದಿನ ಸರೋಜ ನನ್ನನ್ನು ಒಂದು ಮಾತೂ ಕೇಳದೆ ಬನ್ನೂರಿಗೆ ಹೋದಳು. ಅಷ್ಟರಲ್ಲಿ ತನ್ನ ಗದ್ದೆ ಮುಗಿಸಿದ್ದ ಷಡ್ಡಕ ಜೋಡೆತ್ತು ಹೊಡೆದುಕೊಂಡು ತಾನೇ ಬಂದ. ಬಂದವನು ಸುಮ್ಮನಿರದೆ ಮಾವನ ಗದ್ದೆಗೂ ಇಳಿದ. ಮೂರು ದಿನದಲ್ಲಿ ಉತ್ತು ಕೆಸರು ಮಾಡಿಬಿಟ್ಟ. ಪೈರು ಉಳಿಯಿತು.

ನಾಟಿಯ ಹಿಂದಿನ ದಿನ ನಾನೂ ಪಂಚೆ ಎತ್ತಿಕಟ್ಟಿ ಬದುವಿನ ಮೇಲೆ ನಿಂತು, "ನಾನೇನು ಮಾಡ್ಲಿ ಮಾವ?" ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. ಕೆಸರು ಮಟ್ಟ ಮಾಡುವ ಹಲಗೆಯನ್ನು ಎತ್ತುಗಳಿಗೆ ಕಟ್ಟಿ, ಭಾರಕ್ಕೆಂದು ಅದರ ಮೇಲೊಂದು ದಪ್ಪ ಕಲ್ಲು ಹೇರಿದ್ದರು. ಮಾವ ಕಲ್ಲನ್ನು ಉರುಳಿಸಿ ಕೆಳಗಿಳಿಸಿದರು.

"ಇದ್ರ ಮ್ಯಾಲೆ ನಿಂತ್ಕಳಿ. ಏನನ್ನೂ ಮುಟ್ಬೇಡಿ."

ನಿಂತೆ. ಷಡ್ಡಕ ಎತ್ತು ಹೊಡೆದ. ಮಧ್ಯಾಹ್ನದೊಳಗೆ ಗದ್ದೆಯೆಲ್ಲ ಚೊಕ್ಕವಾಗಿ ಮಟ್ಟವಾಯಿತು. ಬದುವಿನ ಮೇಲೆ ಬುತ್ತಿ ಬಿಚ್ಚುತ್ತಾ ಮಾವ ಷಡ್ಡಕನ ಕಡೆ ತಿರುಗಿ, "ಕಲ್ಲಿಗಿಂತ ವಾಸಿ ಕಣಪ್ಪಾ. ತಾವೇ ಮ್ಯಾಕೆ ಅತ್ತುತಾರೆ, ತಾವೇ ಇಳೀತಾರೆ" ಎಂದರು.

ಇಷ್ಟು ವರ್ಷದಲ್ಲಿ ಮಾವ ನನ್ನನ್ನು ಹೊಗಳಿದ್ದು ಅದೊಂದೇ ಸಲ!